ಗೆರೆ ಸಣ್ಣಗೆ ಕಾಣುವ ಪರದೆ

ಭಜನಾ ಮಂದಿರದ ಮೂಲೆಯಲ್ಲಿ, ಹಾರ್ಮೋನಿಯಂ ಪೆಟ್ಟಿಗೆಯ ಪಕ್ಕ, ಹಳೆಯ ಸೀರೆ ಹೊದಿಸಿ ಇಟ್ಟಿರುವ ದೊಡ್ಡ ಕಂಪ್ಯೂಟರ್ ಪರದೆಯನ್ನು ನೀವು ನೋಡಿದ್ದೀರಿ. ಅದನ್ನು ಮುಟ್ಟಿದರೆ ದೊಡ್ಡಜ್ಜಿ ಬೈಯುತ್ತಾಳೆ ಎಂಬುದೂ ನಿಮಗೆ ಗೊತ್ತು. ಅದರಲ್ಲಿ ಕಾರ್ಟೂನು ಯಾಕೆ ಹಾಕುವುದಿಲ್ಲ ಎಂದು ನೀವು ಮೊಮ್ಮಕ್ಕಳು ಕೇಳಿದಾಗ ನಾನು ಉತ್ತರ ಕೊಡಲಿಲ್ಲ. ನನಗೆ ಬಾಯಲ್ಲಿ ಹೇಳಲು ಬರುವುದು ಕಡಿಮೆ. ನಮ್ಮೂರ ಶಾಲೆಯಲ್ಲಿ ಏಳನೇ ಇಯತ್ತೆಯವರೆಗೆ ಕಲಿತಿದ್ದೇನೆ, ಬರೆಯುವಾಗ ಎದುರಿಗೆ ಯಾರೂ ಇರುವುದಿಲ್ಲವಾದ್ದರಿಂದ ಅಷ್ಟು ನಾಚಿಕೆಯಾಗುವುದಿಲ್ಲ. ನೀವು ದೊಡ್ಡವರಾಗಿ ಇದನ್ನು ಓದುವಾಗ ಈ ಮನೆ ಇರುವುದಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯಲ್ಲಿ ಏನಾದರೂ ಒಳ್ಳೆಯದಾದೀತು ಎಂದು ಕಾಯುತ್ತ ಓದಬೇಡಿ.

ನಮ್ಮ ಕೇರಿ ಹೊನ್ನಾವರದಿಂದ ದೂರವಿಲ್ಲ. ಒಂದು ಬದಿ ಹೊಳೆ, ಒಂದು ಬದಿ ಕಡಲು, ನಡುವೆ ನಾಲಗೆಯ ಹಾಗೆ ಚಾಚಿದ ಮರಳು. ಆ ಮರಳಿನ ಮೇಲೆ ನಮ್ಮ ಮನೆಗಳು. ನಮ್ಮದು ನಿಮ್ಮ ಅಜ್ಜ ಕಟ್ಟಿಸಿದ್ದು. ಚಿರೇಕಲ್ಲಿನ ಗೋಡೆ, ಹಂಚಿನ ಮಾಡು, ಹಿಂದೆ ಬಚ್ಚಲಿನ ಮೇಲೆ ಮಳೆಗೆ ಹೊದಿಸಿದ ನೀಲಿ ತಾಡಪಾಲು. ಮನೆಗೆ ಪಂಚಾಯತದ ನಂಬರು ಇದೆ, ಕರೆಂಟು ಬಿಲ್ಲು ಬರುತ್ತದೆ. ಮನೆ ನಿಂತಿರುವ ಜಾಗ ನಮ್ಮದು ಎನ್ನುವ ಕಾಗದ ಮಾತ್ರ ಇಲ್ಲ. ಕೇರಿಯಲ್ಲಿ ಯಾರಿಗೂ ಇಲ್ಲ. ಮೀನು ಒಣಗಿಸುವ ಮರಳಿಗೆ ಕಾಗದ ಬೇಕು ಎಂದು ನಮಗೆ ತೋಚಿರಲೇ ಇಲ್ಲ.

ಒಂದು ದಿನ ನಿಮ್ಮ ಅಮ್ಮನ ಮೊಬೈಲಿಗೆ ಒಂದು ನಕ್ಷೆ ಬಂತು. ಹೊಳೆ ಕಡಲು ಸೇರುವ ಅಳಿವೆಯ ಕಡೆಗೆ ಹೊಸ ರಸ್ತೆ ಬರುತ್ತದೆ, ರಸ್ತೆಯ ಬದಿಗೆ ಸಾಮಾನು ಇಳಿಸುವ ದೊಡ್ಡ ಅಂಗಳ ಬರುತ್ತದೆ, ಅದಕ್ಕೆ ಹೊಳೆಯ ಬದಿಯಿಂದ ಇಷ್ಟು ಜಾಗ ಬೇಕು ಎಂದು ಕೆಂಪು ಗೆರೆ ಎಳೆದ ನಕ್ಷೆ. ಆಕಾಶದಿಂದ ತೆಗೆದ ಚಿತ್ರದ ಮೇಲೆ ಗೆರೆ ಎಳೆದಿದ್ದರು. ಜೊತೆಗೆ ಬಂದ ಒಕ್ಕಣೆಯನ್ನು ನಿಮ್ಮ ಅಮ್ಮ ಓದಿ ಹೇಳಿದಳು. ಗೆರೆಯ ಒಳಗಿನ ಮನೆಯವರು ತಮ್ಮ ತಕರಾರು ಏನಿದ್ದರೂ ಸಾಹೇಬರು ಕರೆದ ಸಭೆಗೆ ಮೊದಲು ಅರ್ಜಿ ಬರೆದು ಕೊಡಬೇಕು. ಗೆರೆಯ ಹೊರಗಿನವರಿಗೆ ಇದರಲ್ಲಿ ಕೆಲಸವಿಲ್ಲ.

ಕೇಳಲು ಸುಲಭ. ಆದರೆ ಒಳಗಿದ್ದು ಅರ್ಜಿ ಕೊಡದಿದ್ದರೆ ಒಪ್ಪಿಕೊಂಡ ಹಾಗೆ. ಹೊರಗಿದ್ದು ಅರ್ಜಿ ಕೊಟ್ಟರೆ, ನಾವು ಒಳಗಿದ್ದೇವೆ ಎಂದು ನಾವೇ ಬರೆದುಕೊಟ್ಟ ಹಾಗೆ. ಅದಕ್ಕೇ ಎಲ್ಲರಿಗೂ ಗೊತ್ತಾಗಬೇಕಿದ್ದದ್ದು ಒಂದೇ, ನನ್ನ ಮನೆ ಗೆರೆಯ ಯಾವ ಬದಿಗಿದೆ?

ಮೊಬೈಲಿನಲ್ಲಿ ನಮ್ಮ ಕೇರಿ ಒಂದು ಚಿಟಿಕೆ ಮರಳಿನಷ್ಟಿತ್ತು, ಅದರ ಮೇಲೆ ಗೆರೆ ಒಣಮೆಣಸಿನಕಾಯಿ ಇಟ್ಟ ಹಾಗೆ ಕೂತಿತ್ತು. ಬೆರಳಲ್ಲಿ ಹಿಗ್ಗಿಸಿದರೆ ಎಲ್ಲ ಮಬ್ಬು. ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟು ತೆಗೆಸಿದೆವು. ಕಾಗದದಲ್ಲಿ ಕೇರಿಯೇ ಇಲ್ಲ, ಕರಿ ಮಸಿ ಚೆಲ್ಲಿದ ಹಾಗೆ.

ಆಗ ನಿಮ್ಮ ಅಮ್ಮ ಹೇಳಿದಳು, "ಅತ್ತೆ, ಫೈಲು ದೊಡ್ಡದೇ ಇದೆ. ಕಾಣುವುದಿಲ್ಲ ಅಂದ್ರೆ ನಮ್ಮ ಪರದೆದು ತಪ್ಪು. ಒಳ್ಳೆ ಮಾನಿಟರ್ ಇದ್ರೆ ಮನೆಮನೆ ಕಾಣ್ತದೆ."

ಮಹಿಳಾ ಸಂಘಕ್ಕೆ ಎಂದೋ ಕೊಟ್ಟ ಕಂಪ್ಯೂಟರು ಮಂದಿರದಲ್ಲಿತ್ತು. ಪೆಟ್ಟಿಗೆ ಇನ್ನೂ ಓಡುತ್ತಿತ್ತು, ಅದರ ಮಾನಿಟರು ಮಾತ್ರ ಉಪ್ಪುಗಾಳಿಗೆ ಒಳಗೇ ತುಕ್ಕು ಹಿಡಿದು ಸತ್ತಿತ್ತು. ಒಣಮೀನು ಮಾರಿ ಸಂಘದಲ್ಲಿ ಇಟ್ಟಿದ್ದ ಹಣದಲ್ಲಿ ಹೊಸದು ತರುವುದು ಎಂದು ಹೆಂಗಸರು ತೀರ್ಮಾನ ಮಾಡಿದರು. ಗಂಡಸರು ಆಗ ಬೋಟಿನಲ್ಲಿದ್ದರು. ನಿಮ್ಮ ಅಪ್ಪ ಫೋನಿನಲ್ಲಿ, "ಟಿವಿ ತಂದು ಕೂತ್ರೆ ರಸ್ತೆ ನಿಲ್ತದಾ?" ಎಂದು ನಕ್ಕನಂತೆ.

ನನ್ನ ಓರಗಿತ್ತಿ, ಅಂದರೆ ನಿಮ್ಮ ದೊಡ್ಡಜ್ಜಿ, ನಮ್ಮ ಮನೆಯ ಪಕ್ಕದಲ್ಲೇ ಇರುವವಳು. ಮೀನು ಬುಟ್ಟಿ ಹೊತ್ತು ಊರೂರು ತಿರುಗಿದವಳು, ಅವಳಿಗೆ ಯಾರ ಹೆದರಿಕೆಯೂ ಇಲ್ಲ. ಒಳ್ಳೆಯ ಮಾನಿಟರು ಎಂದರೆ ಏನು ಎಂದು ನಿಮ್ಮ ಅಮ್ಮ ವಿವರಿಸಲು ಹೊರಟಳು. ಪರದೆಯ ತುಂಬ ಸಣ್ಣ ಸಣ್ಣ ಚುಕ್ಕಿ ಇರುತ್ತವೆ, ಚುಕ್ಕಿ ಹೆಚ್ಚಾದಷ್ಟೂ ಚಿತ್ರ ಸ್ಪಷ್ಟ.

"ಗೊತ್ತಾತು ಬಿಡು," ಎಂದಳು ದೊಡ್ಡಜ್ಜಿ. "ಬಲೆ ಕಣ್ಣಿನ ಹಂಗೆ. ಕಣ್ಣು ಸಣ್ಣ ಇದ್ರೆ ಸಣ್ಣ ಮೀನೂ ತಪ್ಪಿಸ್ಕಳೂದಿಲ್ಲ. ನಂಗೆ ಉಗುರಷ್ಟು ಸಣ್ಣ ಚಟ್ಲಿಮರಿ ಹಿಡಿಯೂ ಅಂತಾದ್ದು ಬೇಕು."

ಹೀಗೆ ನಾವು ಮೂವರು ಹೊರಟೆವು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡಿಲ್ಲ, ಆಧಾರ್ ಕಾರ್ಡು ತೋರಿಸಿದರೆ ಆಯಿತು. ಇಲ್ಲದಿದ್ದರೆ ಒಂದು ಸಾಮಾನಿಗಾಗಿ ಮೂರು ಪೇಟೆ ತಿರುಗುವ ಬುದ್ಧಿ ನಮಗೆಲ್ಲಿಂದ ಬರಬೇಕು? ನಿಮ್ಮ ಅಮ್ಮ ನಕ್ಷೆಯನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಅದನ್ನು ಕರಿಮಣಿಯ ಜೊತೆ ಕೊರಳಿಗೆ ಕಟ್ಟಿಕೊಂಡಳು. ಪ್ರತಿ ಅಂಗಡಿಯಲ್ಲೂ ನಮ್ಮ ನಕ್ಷೆಯನ್ನೇ ಹಾಕಿ ತೋರಿಸಬೇಕು, ಅವರು ಹಾಕುವ ಹೂವು ಹಕ್ಕಿ ನೋಡಿ ಮರುಳಾಗಬಾರದು ಎಂದು ಅವಳ ಶರತ್ತು.

ಮೊದಲು ಹೊನ್ನಾವರ. ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಒಳಗೆ ಒಂದು ರಿಪೇರಿ ಅಂಗಡಿ. ಆಫೀಸುಗಳಲ್ಲಿ ಬಳಸಿ ಬಿಟ್ಟ ಮಾನಿಟರುಗಳನ್ನು ತಂದು, ಒರೆಸಿ, ಸಾಲಾಗಿ ಇಟ್ಟಿದ್ದರು. ದಪ್ಪ ಕರಿ ಚೌಕಟ್ಟು, ಮೂಲೆಗಳಲ್ಲಿ ಯಾವುದೋ ಆಫೀಸಿನ ನಂಬರು ಚೀಟಿ ಇನ್ನೂ ಅಂಟಿಕೊಂಡಿತ್ತು. ಬೆಲೆ ಐದು ಸಾವಿರದ ಒಳಗೆ.

"ಎಂತ ನೋಡೂಕೆ ಅಕ್ಕ?" ಎಂದು ಅಂಗಡಿಯವ ಕೇಳಿದ.

"ನಮ್ಮನೆ ನೋಡೂಕೆ," ಎಂದಳು ದೊಡ್ಡಜ್ಜಿ.

ಅವನಿಗೆ ಅರ್ಥವಾಗಲಿಲ್ಲ. ನಿಮ್ಮ ಅಮ್ಮ ನಕ್ಷೆ ಹಾಕಿಸಿದಳು. ಮೊಬೈಲಿಗಿಂತ ಎಷ್ಟೋ ವಾಸಿ. ಹೊಳೆ ಕಂಡಿತು, ಅಳಿವೆ ಕಂಡಿತು. ನಮ್ಮ ಕೇರಿ ಅಕ್ಕಿಯ ಮೇಲಿನ ಹುಳದ ಸಾಲಿನ ಹಾಗೆ ಕಂಡಿತು. ಯಾವ ಹುಳ ಯಾರ ಮನೆ ಎಂದು ಹೇಳುವುದು ಸಾಧ್ಯವಿರಲಿಲ್ಲ. ಹತ್ತಿರ ತಂದರೆ ಮನೆಗಳು ಚೌಕ ಚೌಕವಾಗಿ ಒಡೆದು ಹೋಗುತ್ತಿದ್ದವು. ಅದರ ಮೇಲೆ, ಪರದೆಯಲ್ಲೇ ಒಂದು ಕಡೆ ಕೆಟ್ಟು, ಮೇಲಿಂದ ಕೆಳಗೆ ಒಂದು ಹಸಿರು ಗೆರೆ ಹೊಳೆಯುತ್ತಿತ್ತು.

"ಕೆಂಪು ಗೆರೆಗೇ ನಮ್ಮ ಜೀವ ಹೋತಾ ಇದೆ," ಎಂದಳು ದೊಡ್ಡಜ್ಜಿ. "ನೀ ಮೇಲಿಂದ ಹಸ್ರುದು ಒಂದು ಬಿಟ್ಟಿ ಕೊಡ್ತ್ಯಾ?"

ಅಂಗಡಿಯವ ನಕ್ಕು ಇನ್ನೊಂದನ್ನು ತೋರಿಸಿದ. ಅದರಲ್ಲಿ ಹಸಿರು ಗೆರೆ ಇರಲಿಲ್ಲ, ಆದರೆ ಬಣ್ಣವೆಲ್ಲ ಅರಿಸಿನದ ಕಡೆಗೆ ತಿರುಗಿತ್ತು. ಕಡಲೇ ಹಳದಿ. ಒಳ್ಳೆಯದು ಬೇಕಾದರೆ ದೊಡ್ಡ ಅಂಗಡಿಗೆ ಹೋಗಿ, ಇಲ್ಲ ಭಟ್ಕಳಕ್ಕೆ ಹೋಗಿ, ಅಲ್ಲಿ ಹೊರದೇಶದ ಮಾಲು ಅಗ್ಗಕ್ಕೆ ಸಿಗುತ್ತದೆ ಎಂದ.

ಭಟ್ಕಳಕ್ಕೆ ಬೇರೆ ದಿನ ಹೋದೆವು. ಶಿರಾಲಿ ದಾಟುವಾಗ ಗದ್ದೆಯ ಬದಿಗೆ ರಸ್ತೆ ಅಗಲ ಮಾಡಲು ಕಡಿದ ತೆಂಗಿನ ಬೊಡ್ಡೆಗಳು ಸಾಲಾಗಿ ಕಂಡವು. ಮೊದಲೂ ಎಷ್ಟೋ ಸಲ ಅದೇ ದಾರಿಯಲ್ಲಿ ಹೋಗಿದ್ದೆ, ಬೊಡ್ಡೆಗಳನ್ನು ನೋಡಿರಲಿಲ್ಲ. ಆ ದಿನ ಪ್ರತಿಯೊಂದನ್ನೂ ನೋಡಿದೆ.

ಭಟ್ಕಳದ ಆ ಗಲ್ಲಿಯಲ್ಲಿ ಅತ್ತರು, ಕಂಬಳಿ, ಬಿಸ್ಕಿಟಿನ ತಗಡಿನ ಡಬ್ಬಿ, ಎಲ್ಲದರ ನಡುವೆ ಮಾನಿಟರುಗಳು. ಅಂಗಡಿಯ ಯಜಮಾನರು ಬಿಳಿ ಗಡ್ಡದವರು. ಫೋನಿನಲ್ಲಿ ನವಾಯತಿ ಮಾತಾಡುತ್ತಿದ್ದವರು ನಮ್ಮನ್ನು ಕಂಡು ಕನ್ನಡಕ್ಕೆ ಬಂದರು, ಕೂರಲು ಸ್ಟೂಲು ಕೊಟ್ಟರು. ಅವರು ತೆಗೆದು ಇಟ್ಟದ್ದು ಬಹಳ ಅಗಲದ್ದು, ಎರಡು ಬದಿಯೂ ಒಳಕ್ಕೆ ಬಾಗಿತ್ತು, ಅಕ್ಕಿ ಕೇರುವ ಗೆರಸೆಯನ್ನು ನೆಟ್ಟಗೆ ನಿಲ್ಲಿಸಿದ ಹಾಗೆ. ಚೌಕಟ್ಟು ಇದೆಯೋ ಇಲ್ಲವೋ ಎನ್ನುವಷ್ಟು ಸಪೂರ. ಹಿಂದೆ ಕೆಂಪು ದೀಪ ಉರಿಯುತ್ತಿತ್ತು. ಹೊನ್ನಾವರದ್ದಕ್ಕಿಂತ ಚುಕ್ಕಿ ಹೆಚ್ಚು, ಬೆಲೆ ಇಪ್ಪತ್ತು ಸಾವಿರಕ್ಕೆ ಸ್ವಲ್ಪ ಕಡಿಮೆ, ಗ್ಯಾರಂಟಿ ಇಲ್ಲ.

ನಕ್ಷೆ ಹಾಕಿದ ಕೂಡಲೇ ನಮಗೆಲ್ಲ ಕಣ್ಣು ಕೋರೈಸಿತು. ಅಷ್ಟು ನೀಲಿ ಕಡಲನ್ನು ನಾನು ಹುಟ್ಟಿದ ಮೇಲೆ ನೋಡಿಲ್ಲ. ಮನೆಗಳು ಬೆಂಕಿಪೆಟ್ಟಿಗೆಯಷ್ಟಾಗಿ, ಮಾಡಿನ ಬಣ್ಣ ಗೊತ್ತಾಗುವಷ್ಟು ಕಂಡವು. ನಮ್ಮ ಕೇರಿ ಪರದೆಯ ಬಲದ ಅಂಚಿಗೆ ಬಂದಿತ್ತು. ದೊಡ್ಡಜ್ಜಿ ಎದ್ದು ಆ ಬದಿಗೆ ಹೋಗಿ ಓರೆಯಾಗಿ ನಿಂತು ನೋಡಿದಳು. ಒಮ್ಮೆಲೇ ಕೂಗಿದಳು.

"ಬಿಟ್ಟು ಹೋತು! ತಂಗಿ, ಬಾ ಇಲ್ಲಿ. ಗೆರೆ ನನ್ನ ಮನೆ ಬಿಟ್ಟು ಆಚೆ ಹೋತು!"

ನಾನು ಹೋಗಿ ಅವಳ ಪಕ್ಕ ನಿಂತೆ. ಹೌದು, ಅಲ್ಲಿಂದ ನೋಡಿದರೆ ಗೆರೆ ಬಳುಕಿ ಹೊಳೆಯ ಕಡೆಗೆ ಸರಿದ ಹಾಗಿತ್ತು. ನಿಮ್ಮ ಅಮ್ಮ ಎದುರಿಗೇ ಕೂತಿದ್ದಳು.

"ದೊಡ್ಡತ್ತೆ, ಬಗ್ಗಿದ್ದು ಪರದೆ. ಗೆರೆ ಅಲ್ಲ."

"ಬಗ್ಗಿದ್ರೆ ಬಗ್ಗಲಿ ಮಾರಾಯ್ತಿ. ನಂಗೆ ಇದೇ ಆತು. ಇದನ್ನೇ ತಕಂಡು ಸಭೆಗೆ ಹೋಗ್ವ. ಸಾಹೇಬ್ರನ್ನ ಇಲ್ಲೇ, ಈ ಬದಿಗೇ ನಿಲ್ಸಿದ್ರಾತು."

ನಗು ತಡೆಯಲಾಗಲಿಲ್ಲ. ಯಜಮಾನರೂ ನಕ್ಕರು. ಆಮೇಲೆ ವಿಷಯ ಏನೆಂದು ಕೇಳಿದರು. ನಿಮ್ಮ ಅಮ್ಮ ಹೇಳಿದಳು. ಅವರು ಬಗ್ಗಿ ನಕ್ಷೆ ನೋಡಿದರು.

"ಅಮ್ಮಾ, ಇದು ಪೋರರಿಗೆ ಗೇಮ್ ಆಡೂಕೆ ಮಾಡಿದ್ದು," ಎಂದರು. "ಬಣ್ಣ ಹೆಚ್ಚು ತೋರಿಸ್ತದೆ, ಸತ್ಯ ಕಡಿಮೆ. ನಕ್ಷೆಗೆ ಚಪ್ಪಟೆದೇ ಬೇಕು. ಚುಕ್ಕಿ ತುಂಬ ಇರೂದು, ಫೋರ್ ಕೆ ಅಂತ ಕೇಳಿ, ಕುಮಟಾದಲ್ಲಿ ಸಿಗ್ತದೆ. ನನ್ನ ಮಾಲು ಬೇಡ ಅಂತ ನಾನೇ ಹೇಳ್ತಾ ಇದ್ದೇನೆ, ನೋಡಿ."

ಹೊರಡುವಾಗ ನಮಗೆ ಒಂದು ಪೊಟ್ಟಣ ಖರ್ಜೂರ ಕೊಟ್ಟರು. ಬಸ್ಸಿನಲ್ಲಿ ದೊಡ್ಡಜ್ಜಿ ಅದನ್ನು ತಿನ್ನುತ್ತ, "ಆ ಬಗ್ಗಿದ್ದೇ ತರ್ಬೇಕಾಗಿತ್ತು," ಎಂದು ಮುರ್ಡೇಶ್ವರದವರೆಗೂ ಗೊಣಗುತ್ತಿದ್ದಳು. ತಮಾಷೆಗೆ ಎಂದುಕೊಂಡಿದ್ದೆ. ಅವಳ ಮುಖ ನೋಡಿದರೆ ತಮಾಷೆ ಇರಲಿಲ್ಲ.

ಕುಮಟಾದ ಅಂಗಡಿಗೆ ಗಾಜಿನ ಬಾಗಿಲು, ಒಳಗೆ ಎ.ಸಿ. ನಾನು ಚಪ್ಪಲಿ ಹೊರಗೆ ಬಿಟ್ಟೆ. ನಾನು ಬಿಟ್ಟಿದ್ದು ನೋಡಿ ದೊಡ್ಡಜ್ಜಿಯೂ ಬಿಟ್ಟಳು. ಒಳಗೆ ಎಲ್ಲರೂ ಬೂಟು ಹಾಕಿಕೊಂಡೇ ಓಡಾಡುತ್ತಿದ್ದರು. ತಣ್ಣನೆಯ ನೆಲದ ಮೇಲೆ ನಮ್ಮ ಕಾಲಿನ ಮರಳಿನ ಗುರುತು ಬಾಗಿಲಿನಿಂದ ಮಾನಿಟರುಗಳವರೆಗೆ ಬಿತ್ತು. ನನಗೆ ಅದನ್ನು ಸೆರಗಿನಲ್ಲಿ ಒರೆಸಬೇಕು ಎನಿಸಿತು.

ಅಲ್ಲಿ ಕೆಲಸಕ್ಕಿದ್ದ ಹುಡುಗಿ ಹಿರೇಗುತ್ತಿ ಕಡೆಯವಳು. ನಾವು ಮೀನುಗಾರರ ಕೇರಿಯವರು ಎಂದು ತಿಳಿದ ಮೇಲೆ ಇಂಗ್ಲಿಷು ಬಿಟ್ಟು ಸಲೀಸಾಗಿ ಮಾತಾಡಿದಳು. ಒಂದೇ ಅಳತೆಯ ಎರಡು ಮಾನಿಟರುಗಳನ್ನು ಅಕ್ಕಪಕ್ಕ ಇಟ್ಟು ಎರಡರಲ್ಲೂ ನಮ್ಮ ನಕ್ಷೆ ಹಾಕಿದಳು. ಒಂದಕ್ಕೆ ಇನ್ನೊಂದರ ಹೆಚ್ಚುಕಡಿಮೆ ಎರಡು ಪಟ್ಟು ಬೆಲೆ. ಹೊರಗಿನಿಂದ ನೋಡಿದರೆ ಅಕ್ಕತಂಗಿಯರ ಹಾಗೆ, ಏನೂ ವ್ಯತ್ಯಾಸವಿಲ್ಲ. ಎರಡಕ್ಕೂ ಬೂದು ಬಣ್ಣದ ಕಾಲು, ಬೇಕಾದಷ್ಟು ಎತ್ತರಿಸಬಹುದು, ತಿರುಗಿಸಿ ಉದ್ದುದ್ದ ನಿಲ್ಲಿಸಬಹುದು. ಪರದೆಗೆ ಹೊಳಪಿಲ್ಲ, ಎದುರಿಗೆ ನಿಂತರೆ ನಮ್ಮ ಮುಖ ಅದರಲ್ಲಿ ಕಾಣುವುದಿಲ್ಲ.

"ಇದರಲ್ಲಿ ಒಂದು ಚುಕ್ಕಿ ಇರೂ ಜಾಗದಲ್ಲಿ ಅದರಲ್ಲಿ ಎರಡಕ್ಕಿಂತ ಹೆಚ್ಚು ಇರ್ತದೆ," ಎಂದಳು. "ಹತ್ತಿರ ಬಂದು ನೋಡಿ ಅಜ್ಜಿ."

ಹತ್ತಿರ ಹೋದೆ. ಕಡಿಮೆ ಬೆಲೆಯದರಲ್ಲಿ ನಮ್ಮ ಕೇರಿಯ ಮನೆಗಳು ಇದ್ದವು. ಹೆಚ್ಚಿನದರಲ್ಲಿ ಮನೆಗಳ ನಡುವಿನ ಓಣಿ ಇತ್ತು, ಬಾವಿಕಟ್ಟೆ ಇತ್ತು, ಮೀನು ಒಣಗಿಸಲು ಹಾಸಿದ ಬಲೆ ಇತ್ತು. ಬಾವಿಯಿಂದ ಎಣಿಸಿಕೊಂಡು ಬಂದೆ. ನೀಲಿ ತಾಡಪಾಲು ಸಿಕ್ಕಿತು. ನಮ್ಮ ಮನೆ. ತಾಡಪಾಲಿನ ಪಕ್ಕ, ಅಂಗಳದಲ್ಲಿ, ಬೋರಲು ಹಾಕಿದ ಒಂದು ದೋಣಿ ಇತ್ತು.

ಆ ದೋಣಿ ನಿಮಗೆ ಗೊತ್ತಿಲ್ಲ. ನಿಮ್ಮ ಅಜ್ಜನ ಆಸ್ಪತ್ರೆ ಖರ್ಚಿಗೆ ಅದನ್ನು ಮಾರಿದ್ದೆವು. ಅದು ಅಂಗಳದಲ್ಲಿದೆ ಎಂದರೆ ಆ ಚಿತ್ರ ತೆಗೆದ ದಿನ ಅವರು ಇನ್ನೂ ಇದ್ದರು. ಮೇಲಿಂದ ತೆಗೆದ ಚಿತ್ರವಾದ್ದರಿಂದ ಮಾಡು ಮಾತ್ರ ಕಾಣುತ್ತಿತ್ತು. ಅವರು ಅದರ ಕೆಳಗೆ ಎಲ್ಲೋ ಇದ್ದಿರಬೇಕು. ಊಟಕ್ಕೆ ಕೂತಿದ್ದರೋ, ಮಲಗಿದ್ದರೋ.

ಅಂಗಡಿಯಲ್ಲಿ ಇದನ್ನು ಯಾರಿಗೆ ಹೇಳುವುದು?

ಗೆರೆಯೂ ಅಷ್ಟೇ ಸ್ಪಷ್ಟವಾಗಿ ಇತ್ತು. ಅಷ್ಟು ಚಂದದ ಪರದೆಯಲ್ಲಿ ಗೆರೆ ನೂಲಿನ ಹಾಗೆ ಸಣ್ಣಗಾಗುತ್ತದೆ, ಆಗ ಮನೆ ಈಚೆಗೋ ಆಚೆಗೋ ಎಂದು ಗೊತ್ತಾಗುತ್ತದೆ ಎಂದು ನಾನು ನಂಬಿಕೊಂಡು ಬಂದಿದ್ದೆ. ಹಾಗಾಗಿರಲಿಲ್ಲ. ಗೆರೆ ಓಣಿಯಷ್ಟು ಅಗಲವಿತ್ತು. ಅದು ದೊಡ್ಡಜ್ಜಿಯ ಮನೆಯ ಅರ್ಧ ಮಾಡನ್ನು ಮುಚ್ಚಿ, ನಮ್ಮ ತಾಡಪಾಲಿನ ಮೂಲೆಗೆ ತಾಗಿದ ಹಾಗೆ ಇತ್ತು. ತಾಗಿದೆಯೋ, ತಾಗಿಲ್ಲವೋ. ಹುಡುಗಿ ಇನ್ನಷ್ಟು ಹಿಗ್ಗಿಸಿದಳು. ಮನೆ ಹಿಗ್ಗಿತು, ಗೆರೆಯೂ ಅಷ್ಟೇ ಹಿಗ್ಗಿತು.

ಆ ಮೂರು ಅಂಗಡಿಗಳಲ್ಲಿ ನಾನು ಬಾಯಿ ಬಿಟ್ಟದ್ದು ಅದೊಂದೇ ಸಲ.

"ಮನೆ ಹಂಗೇ ಇಟ್ಟು, ಗೆರೆ ಮಾತ್ರ ಸಣ್ಣ ಮಾಡೂಕೆ ಬರೂದಿಲ್ವಾ?"

"ಗೆರೆ ನಕ್ಷೆಯಲ್ಲೇ ಅಷ್ಟು ದಪ್ಪ ಅಜ್ಜಿ," ಎಂದಳು ಹುಡುಗಿ. "ಮಾನಿಟರ್ ಎಂತ ಮಾಡ್ತದೆ? ಇದ್ದದ್ದನ್ನು ತೋರಿಸ್ತದೆ ಅಷ್ಟೇ."

ಅಲ್ಲಿಗೆ ಮುಗಿಯಬೇಕಿತ್ತು. ಆದರೂ ನಾವು ಅದನ್ನೇ, ಹೆಚ್ಚಿನ ಬೆಲೆಯದನ್ನೇ ಕೊಂಡೆವು. ಯಾಕೆ ಎಂದು ಈಗ ಯೋಚಿಸಿದರೆ ಕಾರಣ ಒಂದಲ್ಲ. ಕೇರಿಯವರೆಲ್ಲ ಕಾಯುತ್ತಿದ್ದರು, ಬರಿಗೈಯಲ್ಲಿ ಹೋಗಿ ಏನು ಹೇಳುವುದು ಎಂಬುದೊಂದು. ಮನೆಯಲ್ಲಿ ಕೂತು ನಿಧಾನವಾಗಿ ನೋಡಿದರೆ ಗೆರೆಯ ಅಂಚು ಸಿಕ್ಕೀತು ಎಂಬುದೊಂದು. ಹುಡುಗಿ ನಿಮ್ಮ ಅಮ್ಮನಿಂದ ಹಳೆಯ ಪೆಟ್ಟಿಗೆಯ ಫೋಟೊ ಕೇಳಿ ನೋಡಿ, ಇದು ಅದಕ್ಕೆ ಹೊಂದುತ್ತದೆ ಎಂದಳು. ಮೂರು ವರ್ಷದ ಗ್ಯಾರಂಟಿ, ಹಾಳಾದರೆ ಹೊತ್ತು ತರುವುದು ಬೇಡ, ಮನೆಗೇ ಬಂದು ರಿಪೇರಿ ಮಾಡುತ್ತಾರೆ ಎಂದಳು. ಮನೆಯ ವಿಳಾಸ ಕೇಳಿದಾಗ ನಿಮ್ಮ ಅಮ್ಮ ನನ್ನ ಮುಖ ನೋಡಿದಳು. ಆಮೇಲೆ ಹೇಳಿ ಬರೆಸಿದಳು.

ಬಸ್ಸಿನಲ್ಲಿ ಕಂಡಕ್ಟರು ಡಬ್ಬಿಯನ್ನು ನೋಡಿ, "ಹೆಂಗಸ್ರಿಗೆ ಫ್ರೀ, ಟಿವಿಗೆ ಫ್ರೀ ಇಲ್ಲ," ಎಂದ.

"ಟಿವಿ ಅಲ್ವೋ, ಮಾನಿಟ್ರು," ಎಂದಳು ದೊಡ್ಡಜ್ಜಿ. "ಅದೂ ಹೆಂಗ್ಸೇ ಅಂತ ಬರ್ಕ. ಬೇಕಾರೆ ಅದರ ಆಧಾರ್ ಕಾರ್ಡೂ ಮಾಡ್ಸಿ ತತ್ತೆ."

ಹಳದೀಪುರದವರೆಗೂ ಬಸ್ಸಿನವರೆಲ್ಲ ನಗುತ್ತಿದ್ದರು. ಅವನು ಟಿಕೆಟ್ ಹರಿದೇ ಹರಿದ.

ಮರುದಿನ ಸಂಜೆ ಮಂದಿರದಲ್ಲಿ ಕೇರಿಯ ಹೆಂಗಸರೆಲ್ಲ ಸೇರಿದರು. ಹೊಸ ದೋಣಿ ಬಂದರೆ, ಹೊಸ ಬಲೆ ಬಂದರೆ, ಕೊನೆಗೆ ಹೊಸ ಮಿಕ್ಸಿ ಬಂದರೂ ನಾವು ಕುಂಕುಮ ಹಚ್ಚಿ ಕಾಯಿ ಒಡೆಯದೆ ಮುಟ್ಟುವವರಲ್ಲ. ಮಾನಿಟರಿಗೂ ಹೂವು ಮುಡಿಸಿ ಕುಂಕುಮ ಹಚ್ಚಿದೆವು. ನಿಮ್ಮ ಅಮ್ಮ ನಕ್ಷೆ ಹಾಕಿದಳು. ಕೇರಿ ಪರದೆಯ ತುಂಬ ಬಂತು. ಹೆಂಗಸರೆಲ್ಲ ಬಾಯಿಗೆ ಸೆರಗು ಒತ್ತಿಕೊಂಡು ನೋಡಿದರು. ಅಂಗಳದಲ್ಲಿ ನಿಂತು ತಮ್ಮ ಮಾಡನ್ನು ಕೆಳಗಿನಿಂದ ಎಷ್ಟು ಸಲ ನೋಡಿದವರಾದರೂ, ಮೇಲಿನಿಂದ ನೋಡಿದವರು ಯಾರೂ ಇರಲಿಲ್ಲ.

ಒಬ್ಬಳು ಬೆರಳು ತೋರಿಸಿ, "ಇದು ನಮ್ದು," ಎಂದಳು. ಇನ್ನೊಬ್ಬಳು, "ಅಲ್ಲ, ಅದು ನಮ್ದು, ನಿಮ್ದು ಆಚೆದು," ಎಂದಳು. ಗಲಾಟೆ ಶುರುವಾಯಿತು. ಆಗ ದೊಡ್ಡಜ್ಜಿ ಕುಂಕುಮದ ಬಟ್ಟಲು ಎತ್ತಿಕೊಂಡು ಬಂದು, ತನ್ನ ಮನೆ ಎಂದು ಕಂಡ ಕಡೆ ಪರದೆಯ ಮೇಲೆ ಒಂದು ಬೊಟ್ಟು ಇಟ್ಟಳು. "ಹಿಂಗೆ ಗುರ್ತು ಹಾಕಿ. ಆಮೇಲೆ ಒಳಗಿನವರು ಯಾರು, ಹೊರಗಿನವರು ಯಾರು ನೋಡ್ವ."

ಒಳ್ಳೆಯ ಉಪಾಯ ಎನಿಸಿತು. ಒಬ್ಬೊಬ್ಬರಾಗಿ ಬಂದು ತಮ್ಮ ಮನೆಗೆ ಬೊಟ್ಟು ಇಟ್ಟರು. ನಿಮ್ಮ ಅಮ್ಮ, "ಪರದೆ ಹಾಳಾಗ್ತದೆ," ಎಂದು ಒಂದೆರಡು ಸಲ ಹೇಳಿ ನೋಡಿದಳು. ನಾನು ಕೊನೆಗೆ ಹೋದೆ. ನೀಲಿ ತಾಡಪಾಲು ಹುಡುಕಿ ಮೆಲ್ಲಗೆ ಬೆರಳು ಒತ್ತಿದೆ. ಬೊಟ್ಟು ಗೆರೆಯ ಹೊರಗೇ ಬಿತ್ತು. ಗೆರೆಗೂ ಅದಕ್ಕೂ ನಡುವೆ ಕೂದಲೆಳೆಯಷ್ಟು ಬಿಳಿ ಜಾಗ. ನಮ್ಮ ಮನೆ ಉಳಿಯಿತು. ಹಾಗೆ ಎನಿಸಿ ನನಗೆ ಅಲ್ಲೇ ಕಣ್ಣಲ್ಲಿ ನೀರು ಬಂತು.

ಹತ್ತಿರ ಬಂದು ನೋಡಲು ಹೋದ ದೊಡ್ಡಜ್ಜಿಯ ಮೊಣಕೈ ಮೌಸಿಗೆ ತಾಗಿತು. ನಕ್ಷೆ ಜರ್ರನೆ ಪಕ್ಕಕ್ಕೆ ಸರಿಯಿತು. ಬೊಟ್ಟುಗಳು ಸರಿಯಲಿಲ್ಲ. ಮನೆಗಳೆಲ್ಲ ಬಲಕ್ಕೆ ಹೋಗಿ, ಕುಂಕುಮದ ಬೊಟ್ಟುಗಳೆಲ್ಲ ಸಾಲಾಗಿ ಕಡಲಿನ ನೀರಿನಲ್ಲಿ ನಿಂತವು.

ಮೊದಲು ಎಲ್ಲರೂ ಬಿದ್ದು ಬಿದ್ದು ನಕ್ಕೆವು. "ನಮ್ಮನೆ ಮೀನಿಗೆ ಹೋತು," ಎಂದು ಒಬ್ಬಳು. ಆಮೇಲೆ ನಗು ತಾನಾಗಿ ನಿಂತಿತು. ನೀರಿನ ಮೇಲೆ ನಮ್ಮ ಇಡೀ ಕೇರಿ ಕೆಂಪಗೆ ತೇಲುತ್ತಿತ್ತು.

ನಿಮ್ಮ ಅಮ್ಮ ನಕ್ಷೆಯನ್ನು ಮೊದಲಿನ ಜಾಗಕ್ಕೆ ತರಲು ನೋಡಿದಳು. ಒಂದು ಬೊಟ್ಟು ತನ್ನ ಮನೆಯ ಮೇಲೆ ಕೂತರೆ ಇನ್ನೊಂದು ಬಾವಿಯ ಮೇಲೆ ಕೂರುತ್ತಿತ್ತು. ಒಮ್ಮೆ ನನ್ನ ಬೊಟ್ಟು ಗೆರೆಯ ಹೊರಗೆ, ಒಮ್ಮೆ ಗೆರೆಯ ಮೇಲೆ. ಎಲ್ಲ ಒರೆಸಿ ಮೊದಲಿನಿಂದ ನೋಡೋಣ ಎಂದಳು. ಒಣ ಬಟ್ಟೆಯಲ್ಲಿ ಒರೆಸಿದಾಗ ಕುಂಕುಮ ಹರಡಿ ನಮ್ಮ ಕೇರಿಯ ಜಾಗದಲ್ಲಿ ಮಸುಕು ಕೆಂಪು ನಿಂತುಬಿಟ್ಟಿತು. ಅಲ್ಲಿಂದ ಮುಂದೆ ಗೆರೆ ಯಾವುದು, ಕುಂಕುಮ ಯಾವುದು ಎಂದು ಹೇಳುವುದು ಇನ್ನೂ ಕಷ್ಟವಾಯಿತು. ದೊಡ್ಡಜ್ಜಿ ಕೊಬ್ಬರಿ ಎಣ್ಣೆ ಹಾಕಿ ಉಜ್ಜಿದಳು. ಆ ಕಲೆ ಈಗಲೂ ಇದೆ.

ದೊಡ್ಡಜ್ಜಿ ಅರ್ಜಿ ಕೊಟ್ಟಳು. "ಅರ್ಧ ಮಾಡು ಹೋದ್ರೂ ಮನೆ ಹೋದಂಗೇ," ಎಂದಳು. ನಾನು ಕೊಡಲಿಲ್ಲ. ನನ್ನ ಬೊಟ್ಟು ಮೊದಲ ಸಲ ಬಿದ್ದದ್ದು ಹೊರಗೆ. ಆ ಕೂದಲೆಳೆಯಷ್ಟು ಬಿಳಿಯನ್ನು ನಾನು ಕಣ್ಣಾರೆ ನೋಡಿದ್ದೆ. ನಾನಾಗಿಯೇ ಹೋಗಿ ಒಳಗಿದ್ದೇನೆ ಎಂದು ಯಾಕೆ ಬರೆದುಕೊಡಲಿ ಎಂದು ನಿಮ್ಮ ಅಮ್ಮನಿಗೆ ಹೇಳಿದೆ. ಅವಳು ಅರ್ಜಿಗೆಂದು ತಂದ ಕಾಗದ ಮಡಚಿಟ್ಟು, "ನೀವು ಹೇಳಿದಂಗೇ ಆಗ್ಲಿ ಅತ್ತೆ," ಎಂದಳು.

ಸಭೆಗೆ ಮಾತ್ರ ಎಲ್ಲರೂ ಹೋದೆವು. ಗೋಡೆಯ ಮೇಲೆ ಅದೇ ನಕ್ಷೆ ಬಿತ್ತು. ನಮ್ಮ ಮಂದಿರದಲ್ಲಿ ಕಂಡಷ್ಟು ಚೆನ್ನಾಗಿ ಅಲ್ಲಿ ಕಾಣಲಿಲ್ಲ. ಬಂದಿದ್ದ ಸಾಹೇಬರು ವಯಸ್ಸಿನಲ್ಲಿ ಸಣ್ಣವರು, ಜೋರು ಮಾತಿನವರೂ ಅಲ್ಲ. ನಾನು ನಿಮ್ಮ ಅಮ್ಮನ ಕಿವಿಯಲ್ಲಿ ಹೇಳಿದೆ, ಅವಳು ಎದ್ದು ಕೇಳಿದಳು. "ಸರ್, ಗೆರೆ ಓಣಿಯಷ್ಟು ದಪ್ಪ ಇದೆ. ಲೆಕ್ಕ ಗೆರೆಯ ಈಚೆ ಅಂಚಿಂದ್ಲಾ, ಆಚೆ ಅಂಚಿಂದ್ಲಾ?"

ಅವರು ನಕ್ಷೆ ನೋಡಿದರು, ಪಕ್ಕದವರನ್ನು ನೋಡಿದರು.

"ಗೆರೆಯ ದಪ್ಪ ನೋಡಬೇಡಿ ಅಮ್ಮ. ಅದು ಅಂದಾಜಿಗೆ ಎಳೆದದ್ದು. ಸರ್ವೆಯವರು ಬಂದು ಕಲ್ಲು ನೆಟ್ಟ ಮೇಲೆ ಗೊತ್ತಾಗುತ್ತದೆ."

"ಕಲ್ಲು ನೆಟ್ಟ ಮೇಲೆ ಅರ್ಜಿ ಕೊಡ್ಬಹುದಾ?"

"ಅರ್ಜಿಯ ದಿನ ಮುಗಿಯಿತಲ್ಲ."

ದೊಡ್ಡಜ್ಜಿ ಎದ್ದು ನಿಂತಳು. ಏನೋ ಹೇಳುತ್ತಾಳೆ ಎಂದು ನಾವೆಲ್ಲ ಅವಳನ್ನೇ ನೋಡಿದೆವು. ಹಾಗೇ ಕೂತಳು. ಅವಳಿಗೆ ಮಾತು ಸಿಗದೇ ಹೋದದ್ದನ್ನು ನಾನು ನೋಡಿದ್ದು ಅದೇ ಮೊದಲು. ಆ ದಿನ ನನಗೆ ಹೆದರಿಕೆಯಾದದ್ದು ಸಾಹೇಬರ ಮಾತಿಗಲ್ಲ, ಅವಳು ಕೂತದ್ದಕ್ಕೆ.

ಸರ್ವೆಯವರು ಬಂದದ್ದನ್ನು ನೀವೂ ನೋಡಿದ್ದೀರಿ, ಅವರ ಮೂರು ಕಾಲಿನ ದುರ್ಬೀನಿನ ಹಿಂದೆ ಓಡಾಡಿದ್ದೀರಿ. ಕಲ್ಲುಗಳು ನಕ್ಷೆಯ ಗೆರೆಯ ಈಚೆ ಅಂಚಿಗೂ ಬೀಳಲಿಲ್ಲ, ಆಚೆ ಅಂಚಿಗೂ ಬೀಳಲಿಲ್ಲ. ಅವು ಕಡಲಿನ ಕಡೆಗೆ ಇನ್ನೂ ಎಷ್ಟೋ ಮುಂದೆ ಬಂದು ಬಿದ್ದವು. ನಮ್ಮ ಮನೆಯೂ ಒಳಗೆ, ದೊಡ್ಡಜ್ಜಿಯ ಮನೆಯೂ ಒಳಗೆ. ಬಾವಿಯೂ ಒಳಗೆ, ಮಂದಿರವೂ ಒಳಗೆ. ಅರ್ಜಿ ಕೊಟ್ಟವಳಿಗೂ ಕೊಡದವಳಿಗೂ ಒಂದೇ ತರಹದ ಕಾಗದ ಬಂತು, ಹೆಸರು ಮಾತ್ರ ಬೇರೆ. ಚುಕ್ಕಿ ಹೆಚ್ಚಿದ್ದ ಪರದೆಯಲ್ಲಿ ನಾವು ಹುಡುಕಿದ ಆ ಅಂಚು ಎಲ್ಲಿಯೂ ಇರಲೇ ಇಲ್ಲ. ಹೊನ್ನಾವರದ ಹಸಿರು ಗೆರೆಯ ಪರದೆ ತಂದಿದ್ದರೂ, ಭಟ್ಕಳದ ಬಗ್ಗಿದ್ದನ್ನು ತಂದಿದ್ದರೂ ಇದೇ ಆಗುತ್ತಿತ್ತು. ದೊಡ್ಡಜ್ಜಿ ಹೇಳುವ ಹಾಗೆ, ಬಗ್ಗಿದ್ದನ್ನು ತಂದಿದ್ದರೆ ನಾಲ್ಕು ದಿನವಾದರೂ ನೆಮ್ಮದಿಯಿಂದ ಇರುತ್ತಿದ್ದೆವು.

ಬೇರೆ ಕಡೆ ಮನೆ ಕೊಡುತ್ತಾರಂತೆ, ಕಡಲಿನಿಂದ ದೂರ, ಗುಡ್ಡದ ಬದಿಗೆ. ಅಲ್ಲಿ ಮೀನು ಎಲ್ಲಿ ಒಣಗಿಸುವುದು? ಕಾಗದ ಇಲ್ಲದವರಿಗೆ ಅದೂ ಸಿಗುತ್ತದೋ ಇಲ್ಲವೋ. ನಿಮ್ಮ ಅಪ್ಪ ಈಗ ನಗುವುದಿಲ್ಲ. ಮನೆಗೆ ಬಂದಾಗ ಚಾವಡಿಯಲ್ಲಿ ಕೂತು ಹಂಚು ಎಣಿಸುವವನ ಹಾಗೆ ಮೇಲೆ ನೋಡುತ್ತಾನೆ.

ನಾನು ಒಂದೊಂದು ಮಧ್ಯಾಹ್ನ ಮಂದಿರಕ್ಕೆ ಹೋಗುತ್ತೇನೆ. ನಿಮ್ಮ ಅಮ್ಮ ಕಲಿಸಿಕೊಟ್ಟ ಹಾಗೆ ಸ್ವಿಚ್ಚು ಹಾಕಿ, ನಕ್ಷೆ ತೆರೆದು, ತಾಡಪಾಲು ಹುಡುಕುತ್ತೇನೆ. ದೋಣಿ ಅಲ್ಲೇ ಇರುತ್ತದೆ. ಮಾಡು ಅಲ್ಲೇ ಇರುತ್ತದೆ. ಅದಕ್ಕಿಂತ ಒಳಗೆ ಹೋಗಲು ಎಷ್ಟು ಹಿಗ್ಗಿಸಿದರೂ ಆಗುವುದಿಲ್ಲ. ಕುಮಟಾದ ಆ ಹುಡುಗಿ ಸರಿಯಾಗಿಯೇ ಹೇಳಿದ್ದಳು, ಇದ್ದದ್ದನ್ನು ತೋರಿಸುತ್ತದೆ ಅಷ್ಟೇ. ಸ್ವಲ್ಪ ಹೊತ್ತು ನೋಡಿ, ಆರಿಸಿ, ಸೀರೆ ಹೊದಿಸಿ ಬರುತ್ತೇನೆ. ನಿಮಗೆ ಕಾರ್ಟೂನು ಹಾಕಿಕೊಡದೇ ಇರುವುದಕ್ಕೆ ಕಾರಣ ಇಷ್ಟೇ. ಅದನ್ನು ತೆರೆದರೆ ಮೊದಲು ಬರುವುದು ನಮ್ಮ ಮನೆ, ಅದರ ಮೇಲೆ ಗೆರೆ.

ಅಂಚಿಗಲ್ಲದೆ ಒಳಗೂ ಗುರುತಿಗೆ ಕಲ್ಲು ನೆಟ್ಟಿದ್ದಾರೆ, ಅದರಲ್ಲಿ ಒಂದು ನಮ್ಮ ಅಂಗಳದಲ್ಲೇ ಇದೆ, ಮೊದಲು ದೋಣಿ ಇದ್ದ ಜಾಗದಲ್ಲಿ. ಅದರ ತಲೆಗೆ ಕೆಂಪು ಬಣ್ಣ. ನೀವು ಅದನ್ನೇ ವಿಕೆಟ್ ಮಾಡಿಕೊಂಡು ಕ್ರಿಕೆಟ್ ಆಡುತ್ತೀರಿ. ಇವತ್ತು ಬೆಳಿಗ್ಗೆ ಕೂಡ ಆಡುತ್ತಿದ್ದಿರಿ. ಚೆಂಡು ಕಲ್ಲಿಗೆ ತಾಗಿದಾಗ ನಿಮ್ಮಲ್ಲಿ ಸಣ್ಣವಳು ಓಡಿ ಬಂದು, "ಅಜ್ಜಿ, ಈ ಕಲ್ಲು ತೆಗಿತ್ರಾ? ತೆಗಿಬೇಡಿ ಅಂತ ಹೇಳು," ಎಂದಳು. ಇಲ್ಲ, ತೆಗೆಯುವುದಿಲ್ಲ ಎಂದೆ. ಅವಳು ಖುಷಿಯಾಗಿ ಮತ್ತೆ ಆಟಕ್ಕೆ ಹೋದಳು.